ಅರವತ್ತನಾಲ್ಕು ಮನೆಗಳ ಅರಸು: ಮುಮ್ಮಡಿ ಕೃಷ್ಣರಾಜ ಒಡೆಯರು

ರಾಜ್ಯವನ್ನು ಗೆದ್ದು ಕೀರ್ತಿ ಪಡೆದ ಅರಸರು ಚರಿತ್ರೆಯಲ್ಲಿ ಅನೇಕರಿದ್ದಾರೆ. ರಾಜ್ಯವನ್ನು ಕಳೆದುಕೊಂಡು ಆ ದುಃಖದಲ್ಲಿಯೇ ಬಾಡಿಹೋದವರೂ ಕಡಮೆಯೇನಲ್ಲ. ಆದರೆ ಕೈಬಿಟ್ಟ ರಾಜ್ಯಕ್ಕಾಗಿ ಮೂರು ದಶಕಗಳಿಗೂ ಮೀರಿ ಕತ್ತಿಯನ್ನು ಹಿಡಿಯದೆ ಲೇಖನಿಯಿಂದಲೇ ಹೋರಾಡಿ, ಆ ಹೋರಾಟದ ನಡುವೆಯೂ ಮನಸ್ಸಿನ ಸಮತೆಯನ್ನು ಕೆಡಿಸಿಕೊಳ್ಳದೆ ಸಾಹಿತ್ಯ, ಶಿಲ್ಪ, ಚಿತ್ರ, ಕ್ರೀಡೆಗಳನ್ನು ಪೋಷಿಸಿದ ದೊರೆಗಳು ವಿರಳ. ಅಂತಹ ವಿರಳರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಅಗ್ರಗಣ್ಯರು. ಅವರ ಜೀವಿತವನ್ನು ಬಲ್ಲವರಿಗೆ ಅದು ಒಂದು ದೀರ್ಘವಾದ ಚದುರಂಗದಾಟದಂತೆ ತೋರಿದರೆ ಆಶ್ಚರ್ಯವಿಲ್ಲ. ಎದುರಾಳಿ ಕಣ್ಣೆದುರಿಗೆ ಕುಳಿತವನಲ್ಲ, ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ಇದ್ದವನು. ನಡೆಗಳು ಹೋಗಿ ಬರುತ್ತಿದ್ದುದು ಅಂಚೆಯ ಚೀಲದಲ್ಲಿ.

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಜನರಿಗೆ ಈ ಮಹಾರಾಜರ ನೆನಪು ಇನ್ನೊಂದು ಕಾರಣದಿಂದಲೂ ಉಚಿತವಾದುದು. ಆ ಊರು ಶಿಲ್ಪಿಗಳ ಊರು. ಅಲ್ಲಿ ಬೀದಿಬೀದಿಗಳಲ್ಲಿ ಉಳಿ ಸುತ್ತಿಗೆಗಳ ನಾದವೇ ಸುಪ್ರಭಾತ. ದೇವತಾಮೂರ್ತಿಯನ್ನು ಕಡೆಯುವ ಶಿಲ್ಪಿಗೆ ಮೊದಲು ಬೇಕಾದುದು ಕಲ್ಲಲ್ಲ, ಆ ದೇವತೆಯ ಧ್ಯಾನಶ್ಲೋಕ. ಕೈಗಳೆಷ್ಟು, ಆಯುಧಗಳಾವುವು, ವಾಹನವಾವುದು, ಬಣ್ಣವಾವುದು ಎಂಬುದನ್ನು ತಿಳಿಸುವ ಅಂತಹ ಧ್ಯಾನಶ್ಲೋಕಗಳನ್ನು ನಾನಾ ಆಗಮ ಪುರಾಣಗಳಿಂದ ಆರಿಸಿ, ಚಿತ್ರಗಳೊಡನೆ ಒಂದೆಡೆ ಕೂಡಿಸಿಟ್ಟ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥ ಸಿದ್ಧವಾದುದು ಈ ಅರಸರ ಆಸ್ಥಾನದಲ್ಲಿ. ಚದುರಂಗದ ಮಣೆಯನ್ನು ಬಲ್ಲ ಕೈಯೂ ವಿಗ್ರಹದ ಲಕ್ಷಣವನ್ನು ಬಲ್ಲ ಕೈಯೂ ಒಂದೇ ಆಗಿದ್ದುದು ಈ ಚರಿತ್ರೆಯ ಸ್ವಾರಸ್ಯ.

ಕೃಷ್ಣರಾಜ ಒಡೆಯರವರು 1794ನೆಯ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಆ ಕಾಲಕ್ಕೆ ರಾಜವಂಶಕ್ಕೆ ಹೆಸರು ಮಾತ್ರ ಉಳಿದಿತ್ತು. ಅಧಿಕಾರವೆಲ್ಲ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ವೇಳೆಗೆ, ಎಂದರೆ 1796ರಲ್ಲಿ, ತಂದೆ ತೀರಿಕೊಂಡರು. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮಗುವಿನ ಪಾಲನೆಯ ಭಾರವನ್ನು ಹೊತ್ತರು. ಅಂತಃಪುರದಲ್ಲಿದ್ದುಕೊಂಡೇ ಮದರಾಸಿನ ಇಂಗ್ಲಿಷರೊಡನೆ ದೀರ್ಘಕಾಲ ಗುಟ್ಟಾಗಿ ಪತ್ರವ್ಯವಹಾರ ನಡೆಸಿ, ವಂಶಕ್ಕೆ ಮರಳಿ ರಾಜ್ಯ ದೊರೆಯುವಂತೆ ಯತ್ನಿಸಿದವರು ಆ ಮಹಾತಾಯಿ. ಕಾಗದದ ಬಲವನ್ನು ಈ ಬಾಲಕ ಮೊದಲು ಕಂಡುದು ಅಜ್ಜಿಯ ಕೈಯಲ್ಲಿಯೇ ಎಂದು ಹೇಳಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು, ಇನ್ನೂ ಐದು ವರ್ಷ ತುಂಬದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಜುಲೈ 8ರಂದು ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದವಾಯಿತು. ಇದರಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಪೊಗದಿಯಾಗಿ ತೆರಬೇಕು. ಕಂಪನಿಯವರು ರಾಜ್ಯದ ರಕ್ಷಣೆಗೆ ಸೈನ್ಯವನ್ನಿಡಬೇಕು. ಸೂರ್ಯಚಂದ್ರರಿರುವವರೆಗೆ ಒಪ್ಪಂದ ನಡೆಯತಕ್ಕುದೆಂದು ಅದರಲ್ಲಿ ಬರೆದಿತ್ತು. ಆದರೆ ವಾರಸುದಾರರು ಎಂಬ ಒಂದು ಮಾತು ಅದರಲ್ಲಿ ಇರಲಿಲ್ಲ. ಹಣದ ಪಾವತಿಗೆ ಭಂಗ ಬರುವ ಭಯವಿದ್ದರೆ ಕಂಪನಿಯವರು ಆಡಳಿತವನ್ನು ತಾವೇ ವಹಿಸಿಕೊಳ್ಳಬಹುದೆಂಬ ಮಾತು ಮಾತ್ರ ಇತ್ತು. ಈ ಒಂದು ಇರುವಿಕೆ, ಒಂದು ಇಲ್ಲದಿರುವಿಕೆ, ಇವೆರಡೂ ಮುಂದಿನ ಆಟದ ಗತಿಯನ್ನೆಲ್ಲ ನಿರ್ಣಯಿಸಿದವು. ಆಟದ ಆರಂಭದ ನಡೆಯಲ್ಲಿ ಆದ ಸಣ್ಣ ಕೊರತೆ ನಡುವಾಟದಲ್ಲಿ ಎಷ್ಟು ದೊಡ್ಡದಾಗಿ ಕಾಡುತ್ತದೆಂಬುದನ್ನು ಚದುರಂಗ ಬಲ್ಲವರೆಲ್ಲರೂ ಅರಿತಿರುತ್ತಾರೆ.

ದಿವಾನ್ ಪೂರ್ಣಯ್ಯನವರು ದೊರೆಯ ಬಾಲ್ಯದಲ್ಲಿ ಆಡಳಿತವನ್ನು ದಕ್ಷತೆಯಿಂದ ನಡೆಸಿ ಬೊಕ್ಕಸವನ್ನು ತುಂಬಿದರು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ಕಾಲವಾದರು. 1811ರ ಹೊತ್ತಿಗೆ ಹದಿನಾರು ವರ್ಷದ ಅರಸರು ಅಧಿಕಾರವನ್ನು ಸ್ವತಃ ವಹಿಸಿಕೊಂಡರು. 1812ರಲ್ಲಿ ಪೂರ್ಣಯ್ಯನವರೂ ತೀರಿಕೊಂಡರು. ಹೀಗೆ ಹಿರಿಯರ ಆಸರೆ ಒಮ್ಮೆಗೇ ತಪ್ಪಿತು. ಮುಂದಿನ ಇಪ್ಪತ್ತು ವರ್ಷಗಳ ಆಡಳಿತದಲ್ಲಿ ದೋಷಗಳಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಅರಸರು ಕೊಡುಗೈಯವರು. ದಾನ, ದತ್ತಿ, ಉತ್ಸವ, ಆಶ್ರಿತರ ಪೋಷಣೆಗಳಲ್ಲಿ ಕೂಡಿಟ್ಟ ಹಣ ಕರಗಿತು. ಸಾಲ ಬೆಳೆಯಿತು. ಇಂತಿಷ್ಟು ಹಣವನ್ನು ತಂದೊಪ್ಪಿಸುವೆವೆಂದು ಅಮಲ್ದಾರರು ಬರೆದುಕೊಡುವ ಶರ್ತಿ ಪದ್ಧತಿಯಿಂದ ರೈತರು ನೊಂದರು. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು ಎಚ್ಚರಿಕೆ ಹೇಳಿ ಹೋದನು. 1830ರಲ್ಲಿ ನಗರ ಪ್ರಾಂತದಲ್ಲಿ ದಂಗೆ ಎದ್ದಿತು.

ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು 1831ರ ಸೆಪ್ಟೆಂಬರ್ 7ರಂದು ಬರೆದ ಕಾಗದ ಅರಸರ ಕೈಗೆ ಬಂದಿತು. ಒಪ್ಪಂದದ ಆ ಮಾತನ್ನು ಆಧಾರ ಮಾಡಿಕೊಂಡು ರಾಜ್ಯದ ಆಡಳಿತವನ್ನು ಕಂಪನಿ ವಹಿಸಿಕೊಳ್ಳುವುದೆಂದು ಅದರಲ್ಲಿತ್ತು. ಅಕ್ಟೋಬರ್ 19ರಂದು ಅಧಿಕಾರ ಹಸ್ತಾಂತರವಾಯಿತು. ಅರಸರಿಗೆ ಉಳಿದುದು ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ, ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು. ಮೂವತ್ತೇಳರ ಹರೆಯದಲ್ಲಿ ಸಿಂಹಾಸನವಿದ್ದೂ ರಾಜ್ಯವಿಲ್ಲದ ಸ್ಥಿತಿ ಪ್ರಾಪ್ತವಾಯಿತು. ಕೋಲಾರ ಸೀಮೆಯೂ ಸೇರಿದಂತೆ ಸಮಸ್ತ ಮೈಸೂರು ಕಮಿಷನರರ ಆಳ್ವಿಕೆಗೆ ಒಳಪಟ್ಟಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಆ ಪದವಿಯಲ್ಲಿದ್ದನು.

ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ. ಅವನ ಮನೆಗಳನ್ನು ಮಾತ್ರ ಕಟ್ಟುತ್ತಾರೆ. ಒಡೆಯರವರ ಸ್ಥಿತಿ ಅಕ್ಷರಶಃ ಇದೇ ಆಗಿತ್ತು. ಈ ಅವಸ್ಥೆಯಲ್ಲಿ ಅವರಿಗಿದ್ದ ಮಾರ್ಗಗಳು ಎರಡು: ದಂಗೆಯೆದ್ದು ಎಲ್ಲವನ್ನೂ ಕಳೆದುಕೊಳ್ಳುವುದು ಒಂದು, ಒಪ್ಪಂದದ ಅಕ್ಷರಗಳನ್ನೇ ಹಿಡಿದು ವಾದಿಸುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು.

ಇಲ್ಲಿ ಆ ಕಾಲದ ಒಂದು ಸಂಗತಿಯನ್ನು ನೆನೆಯುವುದು ಅಪ್ರಸ್ತುತವಾಗಲಾರದು. ದೂರದಲ್ಲಿರುವ ಇಬ್ಬರು ಒಬ್ಬೊಬ್ಬರು ಒಂದೊಂದು ಮಣೆಯನ್ನು ಮುಂದಿಟ್ಟುಕೊಂಡು, ನಡೆಯನ್ನು ಕಾಗದದಲ್ಲಿ ಬರೆದು ಕಳುಹಿಸುತ್ತ ಆಡುವ ಅಂಚೆ ಚದುರಂಗ ಆಗ ಹೆಸರಾಗುತ್ತಿತ್ತು. 1824ರಿಂದ 1828ರವರೆಗೆ ಎಡಿನ್‌ಬರೋ ಮತ್ತು ಲಂಡನ್ ನಗರಗಳ ಚದುರಂಗ ಸಂಘಗಳು ಹೀಗೆ ಆಡಿದವು. ಗೆಲುವು ಎಡಿನ್‌ಬರೋ ನಗರದವರದಾಯಿತು. ಎರಡು ಕಡೆಯವರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಒಂದೊಂದು ಕುದುರೆಯನ್ನು ಹೊರಡಿಸಿದ ಮೇಲೆ, ಬಿಳಿಯವನು ಮಂತ್ರಿಯ ಮುಂದಿನ ಕಾಲಾಳನ್ನೂ ಎರಡು ಮನೆ ನೂಕುವ ಆರಂಭಕ್ಕೆ ಸ್ಕಾಟ್ಲೆಂಡಿನ ಹೆಸರು ಬಂದುದು ಆ ಪಂದ್ಯದಿಂದಲೇ. ನಮ್ಮ ದಕ್ಷಿಣದೇಶವೂ ಹಿಂದೆ ಬೀಳಲಿಲ್ಲ. 1828–29ರಲ್ಲಿ ಮದರಾಸಿಗೂ ಹೈದರಾಬಾದಿಗೂ ಅಂಚೆಯ ಮೂಲಕ ಎರಡು ಆಟಗಳು ನಡೆದವು. ಮದರಾಸಿನ ಪಕ್ಷದ ಮುಖ್ಯ ಸೂತ್ರಧಾರ ಗುಲಾಂ ಕಾಸಿಂ ಎಂಬ ದೇಶೀಯ ಪಟು. ಈತನು ಜೇಮ್ಸ್ ಕಾಕ್ರೇನ್ ಎಂಬ ಅಧಿಕಾರಿಯೊಡನೆ ಸೇರಿ ಆ ಎರಡು ಆಟಗಳನ್ನೂ ಒಂದು ವಿಶೇಷ ಆರಂಭದ ವಿಮರ್ಶೆಯನ್ನೂ 1829ರಲ್ಲಿ ಮದರಾಸಿನಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ಆ ಆರಂಭದ ಬಗೆ ತಿಳಿಯತಕ್ಕುದು. ರಾಜರ ಮುಂದಿನ ಕಾಲಾಳುಗಳು ಎದುರೆದುರಾಗಿ ನಿಂತ ಮೇಲೆ ಬಿಳಿಯವನು ಒಂಟೆಯ ಮುಂದಿನ ಕಾಲಾಳೊಂದನ್ನು ಬೇಕೆಂದೇ ಬಲಿಗೊಡುತ್ತಾನೆ. ಕರಿಯವನು ಅದನ್ನು ಹೊಡೆದು, ತನ್ನ ಕುದುರೆಯ ಮುಂದಿನ ಕಾಲಾಳಿನಿಂದ ಅದಕ್ಕೆ ಕಾವಲು ಕೊಡುತ್ತಾನೆ. ಬಿಳಿಯವನು ಕುದುರೆಯನ್ನೂ ಒಂಟೆಯನ್ನೂ ಹೊರಡಿಸುತ್ತಾನೆ. ಕರಿಯವನು ಕಾಲಾಳನ್ನು ಮುಂದೊತ್ತಿ ಆ ಕುದುರೆಯನ್ನು ಬೆದರಿಸುತ್ತಾನೆ. ಇಲ್ಲಿಯೇ ಸೋಜಿಗ. ಬಿಳಿಯವನು ಬೆದರಿದ ಕುದುರೆಯನ್ನು ಹಿಂದಕ್ಕೆ ಸೆಳೆಯುವುದಿಲ್ಲ. ಅದನ್ನು ಹೋಗಗೊಟ್ಟು, ತನ್ನ ರಾಜನಿಗೆ ಕೋಟೆ ಕಟ್ಟಿ, ಆನೆಯ ದಾರಿಯನ್ನು ತೆರೆದುಕೊಳ್ಳುತ್ತಾನೆ. ಇದಕ್ಕೆ ಮುತ್ಸಿಯೋ ಬಲಿಯಾಟವೆಂದು ಹೆಸರು. ಕೋಟೆ ಕಟ್ಟುವುದಕ್ಕೆ ಬದಲಾಗಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೊತ್ತುವ ಕ್ರಮಕ್ಕೆ ಇಂದಿಗೂ ಜಗತ್ತಿನ ಚದುರಂಗ ಗ್ರಂಥಗಳಲ್ಲಿ ಗುಲಾಂ ಕಾಸಿಮನ ಹೆಸರೇ ನಿಂತಿದೆ. ಇದು ಐರೋಪ್ಯ ನಿಯಮದ ಆಟ. ಹಳೆಯ ದೇಶೀ ಪದ್ಧತಿಗಳಲ್ಲಿ ಕಾಲಾಳು ಸಾಮಾನ್ಯವಾಗಿ ಒಂದೊಂದೇ ಮನೆ ನಡೆಯುತ್ತಿತ್ತು. ಕೋಟೆ ಕಟ್ಟುವುದಕ್ಕೆ ಬದಲು ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯುವ ಅವಕಾಶವಿರುತ್ತಿತ್ತು. ದೇಶೀ ಆಟದಲ್ಲಿ ಪಳಗಿದವನೊಬ್ಬನು ಪರಕೀಯರ ನಿಯಮವನ್ನು ಕಲಿತು ಅವರ ಶಾಸ್ತ್ರಕ್ಕೇ ಹೊಸ ಅಧ್ಯಾಯವನ್ನು ಸೇರಿಸಿದುದು ಹೆಮ್ಮೆಪಡಬೇಕಾದ ವಿಷಯ.

ಆ ಪಂದ್ಯ ಮುಗಿದು ಎರಡು ವರ್ಷ ಕಳೆಯುವಷ್ಟರಲ್ಲಿ ಮೈಸೂರಿನ ಅರಸರು ತಮ್ಮದೇ ಆದ ಅಂಚೆಯ ಆಟಕ್ಕೆ ಕೂರಬೇಕಾಯಿತು. ಅವರೂ ಪರಕೀಯರ ನಿಯಮವನ್ನು ಕಲಿತು ಆಡಬೇಕಾದವರೇ. ಮೈಸೂರಿಗೆ ಅಂಚೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ನಡೆದುಬಂದ ಆ ವ್ಯವಸ್ಥೆ 1889ರವರೆಗೂ ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿಯೇ ಉಳಿದಿತ್ತು. ಆದರೆ ಲಂಡನ್ನಿಗೆ ಹೋಗುವ ಕಾಗದ ಸಮುದ್ರವನ್ನು ದಾಟಬೇಕು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ, ಅರಸರು ತೀರಿಕೊಂಡ ಮರುವರ್ಷ. ಒಂದು ಬಿನ್ನಹ ಹೋಗಿ, ಅಲ್ಲಿನವರು ಆಲೋಚಿಸಿ, ಉತ್ತರ ಮರಳಿ ಬರಲು ತಿಂಗಳುಗಳಲ್ಲ, ಎಷ್ಟೋ ಸಲ ವರ್ಷಗಳೇ ಬೇಕಾಗುತ್ತಿದ್ದವು.

ಮೊದಲ ಕೆಲವು ನಡೆಗಳು ಆಶಾದಾಯಕವಾಗಿದ್ದವು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿ 1833ರಲ್ಲಿ ವರದಿ ಒಪ್ಪಿಸಿತು. ಅದನ್ನು ಓದಿಕೊಂಡು, 1834ರಲ್ಲಿ ಮೈಸೂರನ್ನೂ ಅರಸರನ್ನೂ ಕಂಡ ಬೆಂಟಿಂಕನಿಗೆ ತನ್ನ ನಿರ್ಧಾರದ ವಿಷಯದಲ್ಲಿ ಸಂಶಯ ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸಬಹುದೆಂದು ಅವನು ಸೂಚಿಸಿದನು. ಲಂಡನ್ನಿನ ನಿರ್ದೇಶಕ ಮಂಡಲಿ ಇದಕ್ಕೆ ಒಪ್ಪಲಿಲ್ಲ. ಆಮೇಲೆ ಬಂದ ಗವರ್ನರ್ ಜನರಲ್ಲುಗಳು ಒಬ್ಬರಾದ ಮೇಲೊಬ್ಬರು ನಿರಾಕರಿಸುತ್ತಲೇ ಹೋದರು. ಡಾಲ್‌ಹೌಸಿಯ ಕಾಲದಲ್ಲಂತೂ ಔರಸಪುತ್ರರಿಲ್ಲದ ಸಂಸ್ಥಾನಗಳು ಒಂದೊಂದಾಗಿ ಕಂಪನಿಯ ಹೊಟ್ಟೆಯನ್ನು ಸೇರಿದವು. ಮೈಸೂರಿನ ಅರಸರಿಗೂ ಪಟ್ಟಕ್ಕೆ ಹಕ್ಕುಳ್ಳ ಗಂಡುಸಂತಾನವಿರಲಿಲ್ಲ. ಅವರು ವೃದ್ಧರಾಗುತ್ತಿದ್ದರು. ಕಾಲವೇ ಎದುರಾಳಿಯ ಕಡೆಗೆ ಆಡುತ್ತಿತ್ತು.

ಇಂತಹ ಸಂಕಟದಲ್ಲಿ ಅರಸರ ಮನಸ್ಸು ಎಲ್ಲಿ ವಿಶ್ರಾಂತಿಯನ್ನು ಕಂಡಿತೆಂದರೆ, ದೇವತಾರಾಧನೆಯಲ್ಲಿ, ವಿದ್ವದ್ಗೋಷ್ಠಿಯಲ್ಲಿ, ಮತ್ತು ಅರವತ್ತನಾಲ್ಕು ಮನೆಗಳ ಮಣೆಯಲ್ಲಿ. ಚದುರಂಗದ ಕುದುರೆ ನೇರವಾಗಿ ನಡೆಯುವ ಪ್ರಾಣಿಯಲ್ಲ. ಎರಡು ಮನೆ ನೆಟ್ಟಗೆ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುವುದು ಅದರ ಗತಿ. ಮೂಲೆಯಲ್ಲಿದ್ದರೆ ಅದಕ್ಕೆ ಎರಡೇ ದಾರಿ, ನಡುಮಣೆಯಲ್ಲಿದ್ದರೆ ಎಂಟು. ಪ್ರತಿ ನೆಗೆತದಲ್ಲಿಯೂ ಬಿಳಿಯ ಮನೆಯಿಂದ ಕರಿಯ ಮನೆಗೆ, ಕರಿಯ ಮನೆಯಿಂದ ಬಿಳಿಯ ಮನೆಗೆ ಹೋಗಬೇಕು. ಹೀಗೆ ನೆಗೆಯುತ್ತ, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ, ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಮುಗಿಸುವುದು ದೊಡ್ಡ ಸಮಸ್ಯೆ. ಇದರ ಪೂರೈಕೆಯೇ ತುರಗಬಂಧ.

ಈ ವಿದ್ಯೆ ನಮ್ಮವರಿಗೆ ಪ್ರಾಚೀನವಾದುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದಬಂಧವನ್ನು ಚಿತ್ರಕಾವ್ಯದ ಒಂದು ಭೇದವಾಗಿ ತೋರಿಸಿದ್ದಾನೆ. ಅಲ್ಲಿ ಮಣೆಯ ಅರ್ಧ, ಎಂದರೆ ಮೂವತ್ತೆರಡು ಮನೆಗಳಲ್ಲಿ ಮೂವತ್ತೆರಡು ಅಕ್ಷರಗಳು. ವೇದಾಂತ ದೇಶಿಕರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಸಾಲಾಗಿ ಓದಿದರೆ ಒಂದು ಶ್ಲೋಕ, ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಹೊರಡುವ ಚಮತ್ಕಾರವಿದೆ. ಐರೋಪ್ಯರಲ್ಲಿ ಗಣಿತಜ್ಞ ಆಯ್ಲರನು 1759ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವೇಚಿಸಿದನು. ಮುಂದೆ ಹೊರಡಲು ಯಾವ ಮನೆಯಲ್ಲಿ ದಾರಿಗಳು ಅತ್ಯಂತ ಕಡಮೆಯೋ ಅಲ್ಲಿಗೇ ಮೊದಲು ನೆಗೆಯಬೇಕೆಂಬ ಸುಲಭೋಪಾಯವನ್ನು 1823ರಲ್ಲಿ ವಾರ್ನ್ಸ್‌ಡಾರ್ಫನೆಂಬ ಜರ್ಮನ್ ದೇಶದವನು ತಿಳಿಸಿದನು. ಕಷ್ಟವಾದುದನ್ನು ಮೊದಲು ಮುಗಿಸಿಕೊಂಡವನಿಗೆ ಕೊನೆ ಸುಗಮವಾಗುತ್ತದೆಂಬುದು ಇದರ ತಿರುಳು. ಇದು ವಿದ್ಯಾರ್ಥಿಗಳಿಗೂ ಸಲ್ಲುವ ಮಾತು.

ಮುಮ್ಮಡಿಯವರು ಇಂತಹ ಬಂಧಗಳನ್ನು ಅನೇಕವಾಗಿ ರಚಿಸಿದರು. ಕೆಲವನ್ನು ರೇಷ್ಮೆಯ ಬಟ್ಟೆಯ ಮೇಲೆ ಅಚ್ಚು ಹಾಕಿಸಿದುದೂ ಉಂಟು. ಅವುಗಳಲ್ಲಿ ಒಂದು ಜಗತ್ತಿನ ಗಣಿತವಿನೋದಿಗಳ ಗಮನವನ್ನು ಸೆಳೆದಿದೆ. ಕುದುರೆ ಮೆಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಹಾಕುತ್ತ ಬಂದರೆ, ಎಲ್ಲ ಅಂಕಿಗಳ ಮೊತ್ತ 2080. ಅದನ್ನು ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲೊಂದಕ್ಕೆ 260. ಅಡ್ಡಸಾಲು, ಉದ್ದಸಾಲುಗಳಲ್ಲಿ ಯಾವುದನ್ನು ಕೂಡಿಸಿದರೂ 260 ಬರುವಂತೆ ಕುದುರೆಯನ್ನು ನಡೆಸುವುದು ಅತಿ ದುಷ್ಕರ. ಇಂಗ್ಲೆಂಡಿನಲ್ಲಿ ಬೆವರ್ಲಿ ಎಂಬವನು ಅಂತಹ ಒಂದನ್ನು 1848ರಲ್ಲಿ ಪ್ರಕಟಿಸಿದ್ದನು. ಆಮೇಲಿನ ಎರಡು ದಶಕಗಳಲ್ಲಿ ಇದನ್ನು ಸಾಧಿಸಿದ ಬೆರಳೆಣಿಕೆಯ ಮಂದಿಯಲ್ಲಿ ಮೈಸೂರಿನ ಮಹಾರಾಜರೂ ಒಬ್ಬರು. ಎರಡು ಕರ್ಣಗಳೂ 260 ಆಗುವಂತಹ ಪರಿಪೂರ್ಣ ಬಂಧ ಎಂಟೆಂಟು ಮನೆಗಳ ಮಣೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿದಿತ್ತು. 2003ರಲ್ಲಿ ಗಣಕಯಂತ್ರಗಳು ಎರಡು ತಿಂಗಳ ಕಾಲ ಸತತವಾಗಿ ಎಣಿಕೆ ಹಾಕಿ, ಅದು ಅಸಾಧ್ಯವೆಂದೂ, ಸಾಲುಗಳು ಮಾತ್ರ ಸರಿಹೊಂದುವ ಬಂಧಗಳಲ್ಲಿ ಮೂಲತಃ ಭಿನ್ನವಾದವು 140 ಎಂದೂ ತೀರ್ಮಾನಿಸಿದವು. ಯಂತ್ರದ ನೆರವಿಲ್ಲದೆ, ದೀಪದ ಬೆಳಕಿನಲ್ಲಿ ಮಣೆಯ ಮುಂದೆ ಕುಳಿತು ಆ ವಿರಳ ಬಂಧಗಳಲ್ಲೊಂದನ್ನು ಹಿಡಿದ ಬುದ್ಧಿ ಸಾಮಾನ್ಯವಾದುದಲ್ಲ.

ಚದುರಂಗವೊಂದೇ ಅಲ್ಲ, ಗಂಜೀಫಾ ಎಂಬ ದುಂಡೆಲೆಗಳ ಆಟವೂ ಅವರ ಕೈಯಲ್ಲಿ ಹೊಸ ರೂಪ ತಾಳಿತು. ಪುರಾಣದ ದೇವತೆಗಳು, ಗ್ರಹಗಳು, ಋಷಿಗಳು ಎಲೆಗಳ ಮೇಲೆ ಬಂದು ನಿಂತರು. ಮುನ್ನೂರಕ್ಕೂ ಮಿಗಿಲಾದ ಎಲೆಗಳುಳ್ಳ ಆಟಗಳನ್ನು ಅವರು ಕಲ್ಪಿಸಿದರು. ಆಟವಾಡುತ್ತಲೇ ಪುರಾಣದ ಪಾಠವಾಗಬೇಕೆಂಬುದು ಇದರ ಆಶಯ. 1861ರಲ್ಲಿ ಸಿದ್ಧವಾದ ಜಗನ್ಮೋಹನ ಅರಮನೆಯ ಮಹಡಿಯ ಗೋಡೆಗಳ ಮೇಲೆ ರಾಜವಂಶವೃಕ್ಷದೊಡನೆ ನಾನಾ ಬಗೆಯ ಮಣೆಯಾಟಗಳ ಚಿತ್ರಗಳನ್ನೂ ಬರೆಸಿದರು. ಮುಂದೆ ಚಿತ್ರಶಾಲೆಯಾದ ಆ ಕಟ್ಟಡದಲ್ಲಿ ನೋಟಕರು ಅವುಗಳ ಮುಂದೆ ನಿಂತು ಬೆರಗಾಗುತ್ತಾರೆ.

ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಆಟಗಳೆಲ್ಲ ಸೇರಿರುವುದು ಕೊನೆಯ ಕೌತುಕನಿಧಿಯಲ್ಲಿ. ಯೋಗಾಸನಗಳ 122 ಚಿತ್ರಗಳೂ ಅದರಲ್ಲಿಯೇ ಇವೆ. ಶಿವನಿಧಿಯಲ್ಲಿ ಗಣಪತಿಯ ಮೂವತ್ತೆರಡು ರೂಪಗಳ ಲಕ್ಷಣಗಳಿವೆ. ಬಾಲಗಣಪತಿಯೆಂದರೆ ಹೇಗೆ, ವೀರಗಣಪತಿಯೆಂದರೆ ಹೇಗೆ, ಇಬ್ಬರ ಕೈಯಲ್ಲಿಯೂ ಏನಿರಬೇಕು ಎಂದು ಕೇಳುವ ಶಿಲ್ಪಿಗೆ ಅಲ್ಲಿ ಸಂದೇಹಕ್ಕೆಡೆಯಿಲ್ಲದ ಉತ್ತರವಿದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಗಣಪತಿಮೂರ್ತಿಗಳ ಸಾಲು ಈ ಲಕ್ಷಣಗಳಿಗೆ ಕಲ್ಲಿನ ಸಾಕ್ಷಿ. ಆ ದೇವಾಲಯದ ಏಳು ನೆಲೆಯ ಗೋಪುರವನ್ನು 1845ರಲ್ಲಿ ಪೂರೈಸಿದವರು ಈ ಅರಸರ ಪಟ್ಟದ ರಾಣಿ ದೇವಾಜಮ್ಮಣ್ಣಿಯವರು. ಚಾಮುಂಡಿಬೆಟ್ಟದ ದೇವಾಲಯದ ಗೋಪುರವೂ ಮುಮ್ಮಡಿಯವರ ಸೇವೆಯೇ. ಅಲ್ಲಿ ಕೈಮುಗಿದು ನಿಂತ ಅರಸರ ಭಕ್ತವಿಗ್ರಹವನ್ನು ರಾಣಿಯರೊಡನೆ ಇಂದಿಗೂ ಕಾಣಬಹುದು. ಅಧಿಕಾರವಿಲ್ಲದ ಅರಸನಿಗೂ ಮಾಡಲು ಎಷ್ಟೊಂದು ಕೆಲಸವಿದೆಯೆಂಬುದಕ್ಕೆ ಈ ಕಲ್ಲುಗಳೇ ಪ್ರಮಾಣ.

ಕನ್ನಡನುಡಿಗೂ ಆ ಆಸ್ಥಾನವೇ ತಂಪಿನ ನೆರಳಾಯಿತು. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಅಲ್ಲಿಯೇ ಹುಟ್ಟಿತು. ಅರಸರ ಹೆಸರಿನಲ್ಲಿ ಮಹಾಭಾರತವು ಕೃಷ್ಣರಾಜ ವಾಣೀವಿಲಾಸವೆಂಬ ಕನ್ನಡ ಗದ್ಯವಾಯಿತು. ಅಳಿಯ ಲಿಂಗರಾಜರು, ಗರಳಪುರಿ ಶಾಸ್ತ್ರಿಗಳು ಆ ಸಭೆಯ ರತ್ನಗಳು. ವೀರಶೈವ ಮನೆತನದಲ್ಲಿ 1843ರಲ್ಲಿ ಹುಟ್ಟಿದ ಬಸವಪ್ಪಶಾಸ್ತ್ರಿಗಳು ಬಾಲ್ಯದಲ್ಲಿಯೇ ಈ ಅರಸರ ಆಶ್ರಯಕ್ಕೆ ಬಂದು, ಗರಳಪುರಿ ಶಾಸ್ತ್ರಿಗಳಲ್ಲಿ ಓದಿ, ಮುಂದೆ ಅಭಿನವ ಕಾಳಿದಾಸರೆಂದು ಮಾನ್ಯರಾಗಿ ಕನ್ನಡದಲ್ಲಿ ಶಾಕುಂತಲವನ್ನು ರಚಿಸಿದರು. ಆಂಗ್ಲ ವಿದ್ಯಾಭ್ಯಾಸವನ್ನೂ ಅರಸರು ಮರೆಯಲಿಲ್ಲ. ರಾಜ್ಯ ಕೈತಪ್ಪಿದ ಎರಡೇ ವರ್ಷಗಳಲ್ಲಿ, 1833ರಲ್ಲಿ, ಮೈಸೂರಿನಲ್ಲಿ ತಮ್ಮ ವೆಚ್ಚದಿಂದ ಉಚಿತ ಪಾಠಶಾಲೆಯೊಂದನ್ನು ತೆರೆದರು. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ತನ್ನ ಮನೆಗೇ ಸಂಕಟ ಬಂದಿರುವಾಗ ಪರರ ಮಕ್ಕಳ ಓದಿಗಾಗಿ ಕೈ ಬಿಚ್ಚುವುದು ದಾನಗಳಲ್ಲೆಲ್ಲ ಶ್ರೇಷ್ಠವಾದುದು.

ಇತ್ತ ಪತ್ರಗಳ ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವರ್ಗಾಯಿಸುವ ಆಜ್ಞೆ ಹೊರಟಿತು. ಅದು ನಡೆದಿದ್ದರೆ ಮೈಸೂರು ಮದರಾಸಿನ ಕೆಲವು ಜಿಲ್ಲೆಗಳಾಗಿ ಕರಗಿಹೋಗುತ್ತಿದ್ದುದರಲ್ಲಿ ಸಂದೇಹವಿಲ್ಲ. ಕೋಲಾರವು ಆ ಗಡಿಗೇ ಅಂಟಿಕೊಂಡ ಸೀಮೆಯಾದ್ದರಿಂದ ಈ ಸಂಗತಿ ಇಲ್ಲಿಯವರಿಗೆ ಇನ್ನಷ್ಟು ಸ್ಪಷ್ಟವಾಗಬೇಕು. ಅರಸರು ಕೂಡಲೇ ಲಾರ್ಡ್ ಕ್ಯಾನಿಂಗನಿಗೆ ಆಕ್ಷೇಪಣೆ ಬರೆದರು. ಕಬ್ಬನ್ನನೂ ವಿರೋಧಿಸಿದನು. ಆಜ್ಞೆ ರದ್ದಾಯಿತು. ಎಷ್ಟೋ ವರ್ಷಗಳ ಮೇಲೆ ದೊರೆತ ಒಂದು ಗೆಲುವು ಇದು. ಇದರಿಂದ ಉತ್ಸಾಹಗೊಂಡು 1861ರಲ್ಲಿ ರಾಜ್ಯವನ್ನೇ ಮರಳಿಸಬೇಕೆಂದು ಬರೆದ ಬಿನ್ನಹಕ್ಕೆ 1862ರಲ್ಲಿ ಬಂದ ಉತ್ತರ ನಿರಾಕರಣೆಯೇ.

ಅರಸರು ಈಗ ಆಟದ ಗುರಿಯನ್ನೇ ಬದಲಿಸಿದರು. ತನಗೆ ರಾಜ್ಯ ಬರುವುದು ಹಾಗಿರಲಿ, ತನ್ನ ತರುವಾಯ ರಾಜ್ಯವುಳಿಯುವುದು ಮುಖ್ಯವೆಂದು ಅವರು ಕಂಡುಕೊಂಡರು. 1865ರ ಜೂನ್ 18ರಂದು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡು ಚಾಮರಾಜೇಂದ್ರನೆಂದು ಹೆಸರಿಟ್ಟರು. ಸರ್ಕಾರದ ಅನುಮತಿಯನ್ನು ಕಾಯುತ್ತ ಕೂರಲಿಲ್ಲ. ಗವರ್ನರ್ ಜನರಲ್ ಲಾರೆನ್ಸನು ಆ ದತ್ತಕವನ್ನು ಮಾನ್ಯ ಮಾಡಲಿಲ್ಲ. ಒಪ್ಪಂದದಲ್ಲಿ ವಾರಸುದಾರರ ಮಾತಿಲ್ಲವೆಂಬ ಹಳೆಯ ಕೊರತೆ ಮತ್ತೆ ತಲೆಯೆತ್ತಿತು. ಅರಸರ ಪಕ್ಷದವರು ಲಂಡನ್ನಿನ ಪಾರ್ಲಿಮೆಂಟಿನವರೆಗೂ ವಿಷಯವನ್ನು ಒಯ್ದರು. ಆಂಗ್ಲರಲ್ಲಿಯೇ ನ್ಯಾಯಬುದ್ಧಿಯುಳ್ಳ ಅನೇಕರು ಮೈಸೂರಿನ ಪರವಾಗಿ ಮಾತನಾಡಿದರು. 1867ರ ಏಪ್ರಿಲಿನಲ್ಲಿ ಭಾರತಮಂತ್ರಿ ಸರ್ ಸ್ಟಾಫರ್ಡ್ ನಾರ್ತ್‌ಕೋಟನ ನಿರ್ಣಯ ಹೊರಟಿತು. ದತ್ತಕ ಮಾನ್ಯವಾಯಿತು. ಬಾಲಕನು ಪ್ರಾಪ್ತವಯಸ್ಕನಾದಾಗ ರಾಜ್ಯವನ್ನು ಅವನಿಗೆ ಒಪ್ಪಿಸುವುದೆಂದೂ ಗೊತ್ತಾಯಿತು.

ಆ ಸುವಾರ್ತೆಯನ್ನು ಕೇಳಿ ಒಂದು ವರ್ಷ ತುಂಬುವುದರೊಳಗೆ, 1868ರ ಮಾರ್ಚ್ 27ರಂದು, ಎಪ್ಪತ್ತಮೂರು ವರ್ಷದ ಮಹಾರಾಜರು ದೈವಾಧೀನರಾದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು ರಾಜ್ಯ ಅವರ ಕೈಗೆ ಬಂದಿತು. 1831ರಲ್ಲಿ ಹೋದುದು 1881ರಲ್ಲಿ, ಸುಮಾರು ಐವತ್ತು ವರ್ಷಗಳಿಗೆ, ಮರಳಿತು. ಬಿತ್ತಿದವರು ಫಲವನ್ನು ಉಣ್ಣಲಿಲ್ಲ. ಆದರೆ ಕನ್ನಡನಾಡಿನ ಹೃದಯಭಾಗ ಒಂದಾಗಿ ಉಳಿಯಿತು. ಮುಂದೆ ವಿದ್ಯೆ, ನೀರಾವರಿ, ಕೈಗಾರಿಕೆಗಳಲ್ಲಿ ಮೈಸೂರು ಪಡೆದ ಮೇಲ್ಮೆಗೆಲ್ಲ ಈ ಉಳಿವೇ ತಳಹದಿ.

ಮುಮ್ಮಡಿಯವರು ದೋಷರಹಿತರಾದ ಅರಸರೆಂದು ಯಾರೂ ಹೇಳರು. ಯೌವನದ ಅಜಾಗ್ರತೆಗೆ ಅವರೂ ಅವರ ಪ್ರಜೆಗಳೂ ತಕ್ಕ ಬೆಲೆಯನ್ನು ತೆತ್ತರು. ಆದರೆ ಎಡವಿದ ಮೇಲೆ ಹೇಗೆ ನಡೆಯಬೇಕೆಂಬುದನ್ನು ಅವರ ಉತ್ತರಾರ್ಧದ ಬಾಳು ತೋರಿಸಿಕೊಟ್ಟಿತು. ಚದುರಂಗದಲ್ಲಿ ಹಿಂದಿನ ನಡೆಯನ್ನು ಹಿಂತೆಗೆದುಕೊಳ್ಳುವಂತಿಲ್ಲ. ಮುಂದಿನ ನಡೆಯನ್ನು ಮಾತ್ರ ಆಲೋಚಿಸಬಹುದು. ಕುದುರೆಗೆ ನೇರದಾರಿ ಇಲ್ಲದಿದ್ದರೂ ತಾಳ್ಮೆಯಿಂದ ನಡೆಸಿದರೆ ಅದು ಅರವತ್ತನಾಲ್ಕು ಮನೆಗಳನ್ನೂ ಮುಟ್ಟುತ್ತದೆ. ಉಳಿಯ ಏಟು ತಪ್ಪಿದ ಕಲ್ಲನ್ನು ಬಿಸುಡದೆ, ಉಳಿದ ಭಾಗದಲ್ಲಿಯೇ ಮೂರ್ತಿಯನ್ನು ಕಾಣುವ ಶಿಲ್ಪಿಯ ಸಂಯಮವೂ ಇದೇ ಬಗೆಯದು. ಪಾಠಶಾಲೆಗಳನ್ನು ಕಟ್ಟುವ ದಾನಿಗಳಿಗೂ, ಅಲ್ಲಿ ಮಕ್ಕಳನ್ನು ತಿದ್ದುವ ಉಪಾಧ್ಯಾಯರಿಗೂ ಬೇಕಾದುದು ಈ ದೀರ್ಘದೃಷ್ಟಿಯೇ. ಇಂದು ನೆಟ್ಟ ಸಸಿಯ ನೆರಳಿನಲ್ಲಿ ಕೂರುವವರು ಮುಂದಿನ ತಲೆಯವರು ಎಂಬ ಅರಿವು ಅವರಲ್ಲಿ ನೆಲೆಗೊಂಡಿರಲಿ. ತಾನು ಕಾಣದ ಗೆಲುವಿಗಾಗಿ ಕೊನೆಯವರೆಗೂ ಆಡಿದ ಆ ವೃದ್ಧ ಅರಸರ ಸ್ಮರಣೆ ಎಲ್ಲರಿಗೂ ಶ್ರೇಯಸ್ಕರವಾಗಲಿ.